ಸೊನ್ನೆ ಗುಂಡಿ

"ಒಂದು," ಎಂದಳು ಮಗಳು, ಹೊದಿಕೆಯೊಳಗಿಂದಲೇ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಅವನಿಗೆ ಅಷ್ಟು ಸಾಕಾಗಿತ್ತು. ಅಂಗಿಯ ಜೇಬಿನಿಂದ ಉದ್ದನೆಯ ಪುಸ್ತಕ ತೆಗೆದು ತಾರೀಖಿನ ಮುಂದೆ ಒಂದು ಎಂದು ಬರೆದ. ಲಿಫ್ಟ್ ಕಂಪನಿ ತನ್ನ ಮೆಕ್ಯಾನಿಕ್‌ಗಳಿಗೆ ಕೊಡುವ ಪುಸ್ತಕ ಅದು. ತಾರೀಖು, ಕಟ್ಟಡ, ದೋಷ, ಷರಾ ಎಂದು ನಾಲ್ಕು ಕಲಂ. ಅಂಕಿ ಬರೆಯಲು ಹೊಂದುವಷ್ಟು ಕಿರಿದಾದದ್ದು ಮೂರನೆಯದೇ ಆದ್ದರಿಂದ ಮಗಳ ದಿನಗಳೆಲ್ಲ ದೋಷ ಎಂಬ ತಲೆಬರಹದ ಕೆಳಗೆ ಸಾಲಾಗಿ ನಿಂತಿದ್ದವು. ಮೊದಮೊದಲು ಅದು ಕಸಿವಿಸಿಯಾಗುತ್ತಿತ್ತು, ಈಗ ಕಣ್ಣಿಗೆ ಬೀಳುವುದೂ ಇಲ್ಲ. ಎಂಟು, ಎಂಟು, ಒಂಬತ್ತು, ಏಳು. ಆಮೇಲೆ ಆರು, ಐದು, ನಾಲ್ಕು. ಮೂರು ವಾರದಿಂದ ಎರಡು, ಒಂದು, ಒಂದು, ನಡುವೆ ಒಂದು ದಿನ ಸೊನ್ನೆ. ಇಷ್ಟು ನಯವಾಗಿ ಇಳಿದು ಬಂದ ಲಿಫ್ಟನ್ನು ಅವನು ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. ಸಂಜೆ ನಾಲ್ಕಕ್ಕೆ ಡಾಕ್ಟರಮ್ಮನ ಭೇಟಿ. ಮೂರು ವಾರ ಎರಡು ದಾಟದೆ ನಿಂತರೆ ಮಾತ್ರೆ ಅರ್ಧ ಮಾಡೋಣ ಎಂದು ಹೋದ ಸಲ ಅವರೇ ಹೇಳಿದ್ದರು. ಅವನು ಪುಸ್ತಕ ಜೇಬಿಗೆ ಸೇರಿಸಿ ಸೀಟಿ ಹಾಕುತ್ತ ಮುಂದಿನ ಕೋಣೆಗೆ ನಡೆದ.

ಡಾಕ್ಟರಮ್ಮ ಕೊಟ್ಟ ಹಾಳೆಯಲ್ಲಿ ಲಿಫ್ಟ್ ಇರಲಿಲ್ಲ. ಸೊನ್ನೆಯಿಂದ ಹತ್ತರವರೆಗೆ ಒಂದು ಗೆರೆ, ಅಷ್ಟೆ. ಸೊನ್ನೆಯೆಂದರೆ ಭಯವಿಲ್ಲ, ಮಂಕಿಲ್ಲ, ಹತ್ತೆಂದರೆ ತಡೆಯಲಾರದಷ್ಟು. ಹನ್ನೆರಡು ವರ್ಷದ ಹುಡುಗಿಯ ಮುಂದೆ ದಿನಾ ಬೆಳಗ್ಗೆ ಆ ಹಾಳೆ ಹಿಡಿಯುವುದು ಪರೀಕ್ಷೆ ತೆಗೆದುಕೊಂಡಂತೆ ಅನ್ನಿಸಿ, ಅವನು ಅದನ್ನು ಬೀರುವಿನ ಮೇಲೆಸೆದು, ಅವಳ ಮಂಚದ ತುದಿಗೆ ಕುಳಿತು ತನ್ನ ಮಾತಿನಲ್ಲೇ ಹೇಳಿದ್ದ. "ನೋಡು ಪುಟ್ಟಾ, ನಿನ್ನೊಳಗೊಂದು ಲಿಫ್ಟ್ ಇದೆ ಅಂದ್ಕೋ. ಎಲ್ಲಕ್ಕಿಂತ ಕೆಳಗಿರೋದು ಸೊನ್ನೆ ಗುಂಡಿ. ಎಲ್ಲಕ್ಕಿಂತ ಮೇಲಿರೋದು ಹತ್ತು. ಬೆಳಗ್ಗೆ ಎದ್ದ ತಕ್ಷಣ ಎಲ್ಲಿದ್ದೀಯ ಅಂತ ಒಂದೇ ಮಾತು ಹೇಳು. ಬೇರೇನೂ ಕೇಳಲ್ಲ." ಅವಳು ಸೂರು ನೋಡುತ್ತ, "ಸೊನ್ನೆ ಗುಂಡೀನಾ?" ಅಂದಿದ್ದಳು. "ಹೂಂ, ಸೊನ್ನೆ ಗುಂಡಿ. ಗೊತ್ತಲ್ಲ ನಿಂಗೆ?" "ಗೊತ್ತು." ಕರೆಂಟು ಹೋದಾಗ, ಬೆಂಕಿ ಬಿದ್ದಾಗ, ಲಿಫ್ಟು ತಾನಾಗಿ ಕೆಳಗಿಳಿದು ಬಾಗಿಲು ತೆರೆದು ನಿಲ್ಲುವಂತೆ ಮಾಡುವುದೇ ಅವನ ಕಸುಬು. ಕೆಳಗಿನ ಗುಂಡಿ ಒತ್ತಿದವನು ಮನೆಗೆ ಹೊರಟವನು. ಜನ ಸಿಕ್ಕಿಹಾಕಿಕೊಂಡು ಬಾಗಿಲು ಬಡಿಯುವುದೆಲ್ಲ ಮೇಲೆ, ಅಂತಸ್ತುಗಳ ನಡುವೆ. ಅಂಥ ಹೊತ್ತಿನಲ್ಲಿ ಅವನು ಮೊದಲು ಲಿಫ್ಟು ಓಡಾಡುವ ಬಾವಿಯಂಥ ಕೊರಕಲಿನೊಳಗೆ ಬಗ್ಗಿ ಉದ್ದಕ್ಕೆ ಸೀಟಿ ಹಾಕುತ್ತಾನೆ, ಯಾರೋ ಬಂದಿದ್ದಾರೆಂದು ಒಳಗಿನವರಿಗೆ ತಿಳಿಯಲಿ ಎಂದು. ಮಗಳು ಚಿಕ್ಕವಳಿದ್ದಾಗ ಈ ಕಥೆಯನ್ನು ಹತ್ತು ಸಲ ಹೇಳಿಸಿಕೊಂಡಿದ್ದಳು. "ಒಳ್ಳೆ ಉಪಾಯ ಮಾಡಿದೀರಿ," ಎಂದು ಡಾಕ್ಟರಮ್ಮ ಹೊಗಳಿದ ಮೇಲೆ ಒಂದು ವಾರ ಅವನ ಕಾಲು ನೆಲದ ಮೇಲಿರಲಿಲ್ಲ. ಮೊದಲ ತಿಂಗಳು ಅಂಕಿ ಎಂಟು ಒಂಬತ್ತರಲ್ಲೇ ಕುಳಿತದ್ದನ್ನು ನೋಡಿ ಅವರು ಬಿಳಿ ಮಾತ್ರೆ ಬಿಡಿಸಿ ಹಳದಿಯದು ಬರೆದುಕೊಟ್ಟಿದ್ದರು. ಅಲ್ಲಿಂದಲೇ ಇಳಿಯತೊಡಗಿದ್ದು. ಆ ಹಳದಿ ಮಾತ್ರೆ ಕಂಡುಹಿಡಿದವನ ಹೊಟ್ಟೆ ತಣ್ಣಗಿರಲಿ ಎಂದು ಅವನು ಕಿಟಕಿಯ ಬಳಿ ನಿಂತು ಕಣ್ಣೊರೆಸಿಕೊಂಡದ್ದೂ ಉಂಟು.

ಹೆಂಡತಿ ಮಾತ್ರ ಆ ಖುಷಿಯಲ್ಲಿ ಪಾಲು ತೆಗೆದುಕೊಳ್ಳಲಿಲ್ಲ. ಮುಂದಿನ ಕೋಣೆಯೆಂದರೆ ಅವಳ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ನೀಲಿ ಬಟ್ಟೆಯ ಥಾನುಗಳು, ಯಾವುದೋ ಶಾಲೆಯ ಐವತ್ತು ಸಮವಸ್ತ್ರ, ನೆಲದ ತುಂಬ ದಾರದ ತುಂಡು. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕಾಲರು ಮಡಿಸುತ್ತಿದ್ದಳು. "ಇವತ್ತೂ ಒಂದು!" ಎಂದ ಅವನು, ಪರೀಕ್ಷೆ ಪಾಸಾದವನ ಹಾಗೆ. ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ನಿನ್ನೆ ಅವಳ ಲಂಗಕ್ಕೆ ಅಳತೆ ತೆಗೆದೆ. ಸೊಂಟ ಎರಡು ಇಂಚು ಇಳಿದಿದೆ." "ಬೆಳೆಯೋ ಹುಡುಗಿ, ಉದ್ದ ಆಗ್ತಿದಾಳೆ." "ಉದ್ದಕ್ಕೂ ಹಿಡಿದಿದೀನ್ರೀ ಟೇಪು. ನಿಮ್ಮ ಲಿಫ್ಟ್ ಏನಾದ್ರೂ ಹೇಳ್ಕೊಳ್ಳಿ, ನನ್ನ ಟೇಪು ಸುಳ್ಳು ಹೇಳಲ್ಲ." ಅವನಿಗೆ ರೇಗಿತು. ಒಳ್ಳೆಯದು ಕಣ್ಣೆದುರು ಬಂದು ನಿಂತರೂ ಈ ಹೆಂಗಸು ಅದಕ್ಕೆ ಅಳತೆ ಹಿಡಿಯುತ್ತಾಳಲ್ಲ. ಅವಳ ಕತ್ತಿನ ಸರದಲ್ಲಿ ಒಂದು ಕೀಲಿ ತೂಗುತ್ತಿತ್ತು. ಏಳು ತಿಂಗಳ ಹಿಂದೆ ಒಂದು ಮಧ್ಯಾಹ್ನ ಮಗಳು ದೊಡ್ಡ ಕತ್ತರಿ ಕೈಯಲ್ಲಿ ಹಿಡಿದು ಬಚ್ಚಲಮನೆಯ ಬಾಗಿಲು ಹಾಕಿಕೊಂಡಾಗಿನಿಂದ ಮನೆಯ ಕತ್ತರಿಗಳೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಬಟ್ಟೆ ಕತ್ತರಿಸಬೇಕಾದಾಗಲೆಲ್ಲ ಬೀಗ ತೆಗೆಯುತ್ತಾಳೆ, ಕತ್ತರಿಸುತ್ತಾಳೆ, ಮತ್ತೆ ಹಾಕುತ್ತಾಳೆ, ದಿನಕ್ಕೆ ಮೂವತ್ತು ಸಲ. ಹೋದ ವಾರ ಅವನು, "ಇನ್ನೂ ಯಾಕೆ ಈ ಬೀಗ? ಅಂಕಿ ನೋಡಿದ್ರೆ ಗೊತ್ತಾಗಲ್ವಾ?" ಎಂದಾಗ ಅವಳು ಯಂತ್ರದ ಚಕ್ರ ತಿರುಗಿಸಿ ಜೋರಾಗಿ ಹೊಲಿಯತೊಡಗಿದ್ದಳು.

ಮಗಳೊಬ್ಬಳನ್ನೇ ಬಿಡುವಂತಿರಲಿಲ್ಲ, ಹೆಂಡತಿ ಹೊಲಿದ ಬಟ್ಟೆ ತಲುಪಿಸಲು ಹೋಗಬೇಕಿತ್ತು. ಅವನು ಮಗಳನ್ನು ಕೆಲಸಕ್ಕೇ ಕರೆದುಕೊಂಡು ಹೊರಟ. ಗ್ರಂಥಾಲಯಕ್ಕೆ ಅವತ್ತು ವಾರದ ರಜೆ, ಅಲ್ಲಿನ ಲಿಫ್ಟು ನೋಡಿ ಮುಗಿಸಿದರೆ ಹಾಗೇ ಡಾಕ್ಟರಮ್ಮನ ಹತ್ತಿರ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ಎರಡು ಕೈಯನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತಿದ್ದಳು. ಅವನು ಮಾತಾಡುತ್ತಲೇ ಇದ್ದ, ಮಾತ್ರೆ ಅರ್ಧವಾಗುವ ವಿಷಯ, ಆಮೇಲೆ ಕಾಲು, ಆಮೇಲೆ ಏನೂ ಇಲ್ಲ, ಆಮೇಲೆ ಶಾಲೆ. ಅವಳು ಹೂಂಗುಟ್ಟುತ್ತಿದ್ದಳು. ಸೊನ್ನೆ ಎಂದ ದಿನವೂ ಇದೇ ಬಸ್ಸು. ಹದಿಮೂರು ದಿನ ಆಯಿತು. ಅವತ್ತು ಅವನು ಕುಣಿದದ್ದೇ ಕುಣಿದದ್ದು. ಅರ್ಧ ದಿನ ರಜೆ ಹಾಕಿ ದೊಡ್ಡ ಅಂಗಡಿಗೆ ಕರೆದೊಯ್ದು, ತಾನಾಗಿ ಚಲಿಸುವ ಮೆಟ್ಟಿಲ ಮೇಲೆ ಮೂರು ಸಲ ಹತ್ತಿಸಿ ಇಳಿಸಿ, ದೊಡ್ಡ ಲೋಟದ ಐಸ್‌ಕ್ರೀಂ ಕೊಡಿಸಿದ್ದ. ಅವಳು ತಳದವರೆಗೂ ತಿಂದು ಚಮಚವನ್ನು ಚೊಕ್ಕಟವಾಗಿ ನೆಕ್ಕಿ ಲೋಟದೊಳಗಿಟ್ಟಿದ್ದಳು. "ಖುಷೀನಾ?" ಎಂದರೆ ತಲೆಯಾಡಿಸಿದ್ದಳು. ಮನೆಗೆ ಬಂದವಳು ಷೂ ಕೂಡ ಬಿಚ್ಚದೆ ಮಲಗಿಬಿಟ್ಟಾಗ, ಆಡಿ ದಣಿದಿದ್ದಾಳೆ ಎಂದುಕೊಂಡು ಅವನೇ ಲೇಸು ಬಿಚ್ಚಿದ್ದ.

ಗ್ರಂಥಾಲಯದ ಗೇಟಿನಲ್ಲಿ ಮುದುಕ ಕಾವಲುಗಾರ ಕುರ್ಚಿಯಿಂದ ಏಳದೆಯೇ ಕೇಳಿದ. "ಏನು ಲಿಫ್ಟಣ್ಣ, ಮಗಳಿಗೆ ಶಾಲೆ ಇಲ್ವಾ?" "ಜ್ವರ." "ಹೋದ ತಿಂಗಳೂ ಜ್ವರ ಅಂದಿದ್ರಿ." "ಅದೇ ಜ್ವರ." ಮುದುಕ ನಕ್ಕ, ಅವನೂ ನಕ್ಕ, ಮಗಳು ತನ್ನ ಷೂಗಳನ್ನು ನೋಡಿಕೊಂಡಳು. ಅವಳ ಕಾಲು ಮುರಿದಿದ್ದರೆ ಎದೆಯುಬ್ಬಿಸಿ ಹೇಳುತ್ತಿದ್ದೆ, ಯಾವ ಮೂಳೆ, ಎಷ್ಟು ಕಡೆ, ಯಾವ ಡಾಕ್ಟರು ಅಂತೆಲ್ಲ. ಏಳು ತಿಂಗಳಿಂದ ಊರಿಗೆಲ್ಲ ಜ್ವರ ಹಂಚಿಕೊಂಡು ಬಂದಿದ್ದೇನೆ, ಅದೂ ಅವಳ ಎದುರಿಗೇ. ಹೀಗೆಂದು ಹೊಳೆದು ಅವನ ಮುಖ ಬಿಸಿಯಾಯಿತು. ಇರಲಿ, ಇನ್ನೇನು ಮುಗಿಯಿತಲ್ಲ ಎಂದುಕೊಂಡು ಚೀಲದಿಂದ ಮೂರು ಮೂಲೆಯ ಕೀಲಿ ತೆಗೆದ.

ಲಿಫ್ಟನ್ನು ಮೊದಲ ಅಂತಸ್ತಿಗೆ ಕಳಿಸಿ, ಕೆಳಗಿನ ಬಾಗಿಲನ್ನು ಕೀಲಿಯಿಂದ ತೆರೆದು, ಒಳಗೋಡೆಯ ಕೆಂಪು ಸ್ವಿಚ್ಚು ಒತ್ತಿ ಎಲ್ಲ ನಿಲ್ಲಿಸಿದ. ಬಾಗಿಲಾಚೆ ನೆಲವಿಲ್ಲ, ಐದಡಿ ಆಳದ ಗುಂಡಿ. ಕಬ್ಬಿಣದ ಏಣಿಯ ಮೇಲೆ ಅವನು ಒಂದು ಕಾಲಿಟ್ಟಾಗ ಮಗಳು, "ಅಪ್ಪ, ನಾನೂ ಇಳೀತೀನಿ," ಎಂದಳು. ಹೊರಗಿನವರನ್ನು ಗುಂಡಿಗೆ ಇಳಿಸಬಾರದೆಂದು ಕಂಪನಿಯ ನಿಯಮ. ಆದರೆ ವಾರಗಟ್ಟಲೆ ಬಾಯಿ ಬಿಟ್ಟು ಏನನ್ನೂ ಕೇಳದ ಹುಡುಗಿ ಕೇಳಿದ್ದಳು. ಕೆಂಪು ಸ್ವಿಚ್ಚನ್ನು ಎರಡನೆಯ ಸಲ ನೋಡಿ, ತಾನು ಮೊದಲಿಳಿದು, ದೀಪ ಹಾಕಿ, ಅವಳ ಹಿಮ್ಮಡಿಗೆ ಅಂಗೈ ಕೊಟ್ಟ. ಕೊನೆಯ ಮೆಟ್ಟಿಲಲ್ಲಿ ಅವಳು ಒಂದು ಗಳಿಗೆ ನಿಂತು, ಕಣ್ಣು ಮುಚ್ಚಿ, ತಣ್ಣೀರಿಗೆ ಕಾಲಿಡುವವಳಂತೆ ಪಾದ ಊರಿದಳು. ಆಮೇಲೆ ಕಣ್ಣು ಬಿಟ್ಟು ಸುತ್ತ ನೋಡಿದಳು, ತುಂಬ ಹೊತ್ತು ನೋಡಿದಳು. ನೋಡಲು ಅಲ್ಲಿ ಏನಿತ್ತು? ಎರಡು ದಪ್ಪ ಸ್ಪ್ರಿಂಗು, ಎಣ್ಣೆ ಹಿಡಿದ ಧೂಳು, ತೇವದ ಗೋಡೆ, ತಲೆಯ ಮೇಲೆ ನಿಂತ ಲಿಫ್ಟಿನ ಹೊಟ್ಟೆ.

ಬಾಗಿಲಿಗೂ ಲಿಫ್ಟಿಗೂ ನಡುವೆ ಇರುವ ಎರಡು ಬೆರಳಿನ ಸಂದಿಯಿಂದ ಜನರ ಕೈ ಜಾರಿದ್ದೆಲ್ಲ ಬಂದು ಬೀಳುವ ಜಾಗ ಇದು. ಅವನು ಗುಡಿಸತೊಡಗಿದ, ಅವಳು ಕುಕ್ಕುರುಗಾಲಲ್ಲಿ ಕುಳಿತು ಒಂದೊಂದನ್ನೇ ಆರಿಸಿದಳು. ಮೋಟು ಪೆನ್ಸಿಲ್ಲು, ಹೇರ್‌ಪಿನ್ನು, ಕನ್ನಡಕದ ಒಂದು ಕಾಲು, ಮಡಿಸಿದ ಬಸ್ ಟಿಕೀಟು. ಕೊನೆಗೆ ಏನನ್ನೋ ಬೆಳಕಿಗೆ ಹಿಡಿದು, "ಅಪ್ಪಾ, ಗುಂಡಿ," ಎಂದಳು. "ಹೂಂ ಮತ್ತೆ, ಇದೇ ಗುಂಡಿ." "ಅಲ್ಲಪ್ಪಾ. ಗುಂಡೀಲಿ ಗುಂಡಿ!" ನಾಲ್ಕು ತೂತಿನ ಕಂದು ಬಣ್ಣದ ಕೋಟಿನ ಗುಂಡಿ, ತೂತಿನಲ್ಲಿ ಇನ್ನೂ ದಾರ ಕಚ್ಚಿಕೊಂಡಿತ್ತು. ಅವಳು ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತುಂಬ; ಆ ನಗು ಕೊರಕಲಿನುದ್ದಕ್ಕೂ ಮೇಲೇರಿ ನಾಲ್ಕು ಅಂತಸ್ತಿನ ಮುಚ್ಚಿದ ಬಾಗಿಲುಗಳನ್ನು ಮುಟ್ಟಿ ಬಂತು. ಅವನೂ ಪೊರಕೆ ಹಿಡಿದೇ ನಕ್ಕ. "ನಮ್ಮನೆ ಹಣೆಬರಹವೇ ಗುಂಡಿ ನೋಡು. ಅಮ್ಮಂಗೆ ಅಂಗಿ ಗುಂಡಿ, ನಂಗೆ ಲಿಫ್ಟ್ ಗುಂಡಿ."

"ನಾನು ಅಂದ್ಕೊಂಡಿದ್ದಷ್ಟು ಕತ್ತಲೆ ಇಲ್ಲ ಇಲ್ಲಿ," ಎಂದಳು ಅವಳು, ನಗು ನಿಂತ ಮೇಲೆ.

"ಯಾವಾಗ ಅಂದ್ಕೊಂಡಿದ್ದೆ?"

"ಸೊನ್ನೆ ದಿನ. ಅವತ್ತು ಇಲ್ಲಿ ದೀಪ ಇರ್ಲಿಲ್ಲ."

"ಸೊನ್ನೆ ಇಲ್ಲೆಲ್ಲಿ ಬಂತು ಮಾರಾಯ್ತಿ? ಸೊನ್ನೆ ಗುಂಡಿ ಮೇಲಿದೆಯಲ್ಲ, ಲಿಫ್ಟಿನೊಳಗೆ, ಒತ್ತೋದು."

ಅವಳು ಅವನನ್ನು ವಿಚಿತ್ರವಾಗಿ ನೋಡಿದಳು. "ನೀನೇ ಹೇಳಿದ್ಯಲ್ಲ. ಎಲ್ಲಕ್ಕಿಂತ ಕೆಳಗಿರೋದು ಸೊನ್ನೆ ಗುಂಡಿ ಅಂತ. ಎಲ್ಲಕ್ಕಿಂತ ಕೆಳಗಿರೋದು ಇದೇ ತಾನೆ?"

ಪೊರಕೆ ಕೈಯಲ್ಲೇ ಉಳಿಯಿತು. ಅವನಿಗೆ ಒಂದು ಹಳೆಯ ದಿನ ನೆನಪಾಯಿತು. ಅವಳಿಗೆ ಆಗ ಐದು ವರ್ಷ. ಯಾರದೋ ಮನೆಗೆ ಹೋಗಿ ಬರುವಾಗ ಲಿಫ್ಟಿನ ಸಂದಿಯೊಳಗೆ ಅವಳ ಹಳದಿ ಕ್ಲಿಪ್ಪು ಜಾರಿತ್ತು, ರಚ್ಚೆ ಹಿಡಿದಿದ್ದಳು. ಚೀಲದಲ್ಲಿ ಕೀಲಿ ಇತ್ತು, ಹತ್ತು ನಿಮಿಷದ ಕೆಲಸ. ಆದರೆ ಬಸ್ಸಿಗೆ ಹೊತ್ತಾಗಿತ್ತು. "ಗುಂಡಿಗೆ ಬಿದ್ದದ್ದು ಮೇಲೆ ಬರಲ್ಲ, ಬಾ," ಎಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗಿದ್ದ. ಈಗ ಅವನು ಕೇಳಿದ. "ಹಂಗಾದ್ರೆ ಹತ್ತು ಅಂದ್ರೆ?"

"ತಾರಸಿ, ಬೆಳಕಿರೋದು. ಹತ್ತಕ್ಕೆ ನಾನು ಹೋಗೇ ಇಲ್ಲ," ಎಂದಳು. ಆಮೇಲೆ ಸ್ವಲ್ಪ ಜಂಬದಿಂದಲೇ, "ಒಂಬತ್ತಕ್ಕೆ ನಾಲ್ಕು ಸಲ ಹೋಗಿದ್ದೆ."

ಅವನು ಜೇಬಿನ ಪುಸ್ತಕ ತೆಗೆದ. ತೆಗೆದದ್ದು ಯಾಕೆಂದು ತಿಳಿಯಲಿಲ್ಲ, ಅಂಕಿಗಳೆಲ್ಲ ಬಾಯಿಪಾಠವೇ ಆಗಿದ್ದವು. ಎಂಟು, ಎಂಟು, ಒಂಬತ್ತು. ಮೊದಲ ಒಂಬತ್ತರ ಬೆಳಗ್ಗೆ ಅವಳು ತಾನಾಗಿ ಎದ್ದು, ಸ್ನಾನ ಮಾಡಿ, ಶಾಲೆಯ ಬಟ್ಟೆ ಹಾಕಿಕೊಂಡು ನಿಂತಿದ್ದಳು. ಪಾಪ, ತಡೆಯಲಾರದಷ್ಟಿದ್ದರೂ ಹೊರಟಿದೆ ಕೂಸು ಎಂದು ಅವನ ಕರುಳು ಚುರ್ ಎಂದಿತ್ತು. ಷೂ ಬಿಚ್ಚಿಸಿ, ಮಲಗಿಸಿ, ಪರದೆ ಎಳೆದು, ಇಡೀ ದಿನ ತಲೆ ಸವರುತ್ತ ಕುಳಿತಿದ್ದ. ಬಣ್ಣ ಬಂದಿದ್ದ ಮುಖ ಸಂಜೆಯ ಹೊತ್ತಿಗೆ ಬಾಡಿದ್ದನ್ನು ಕಣ್ಣಾರೆ ನೋಡಿ, ನೋಡು ಎಷ್ಟು ಕಷ್ಟಪಡುತ್ತಿದೆ ಎಂದುಕೊಂಡಿದ್ದ. ನಾಲ್ಕು ಸಲ ಅವಳು ತಾರಸಿಯ ಹತ್ತಿರ ಹತ್ತಿದಳು. ನಾಲ್ಕು ಸಲವೂ ಅಪ್ಪ ಅಳುಮೋರೆ ಹಾಕಿಕೊಂಡು ಕೈ ಹಿಡಿದು ಮಲಗಿಸಿದ. ಕೆಲಸ ಮಾಡುತ್ತಿದ್ದ ಬಿಳಿ ಮಾತ್ರೆಯನ್ನು ಬಿಡಿಸಿದ. ಅವಳು ಇಳಿಯತೊಡಗಿದಂತೆ ಒಂದೊಂದು ಅಂತಸ್ತಿಗೂ ಸಂಭ್ರಮಪಟ್ಟ. ಇನ್ನು ಮೂರು ಗಂಟೆ ಕಳೆದಿದ್ದರೆ ಉಳಿದ ಮಾತ್ರೆಯನ್ನೂ ಅರ್ಧ ಮಾಡಿಸಿ, ಮನೆಗೆ ಹೋಗಿ ಪೆಟ್ಟಿಗೆಯ ಬೀಗ ತೆಗೆಸುತ್ತಿದ್ದ. ಪುಸ್ತಕ ಮುಚ್ಚಿ ಜೇಬಿಗೆ ತುರುಕಿದ.

ಮತ್ತು ಆ ಸೊನ್ನೆಯ ದಿನ. ಅವನು ಮಗಳನ್ನು ನೋಡಿದ. ಅವಳು ಗುಂಡಿಯ ಮೇಲಿನ ಎಣ್ಣೆಯನ್ನು ಲಂಗದ ಅಂಚಿಗೆ ಒರೆಸುತ್ತಿದ್ದಳು, ಅಮ್ಮ ಬೈಯುತ್ತಾಳೆಂಬುದನ್ನೂ ಮರೆತು. ದೀಪವಿಲ್ಲದ ಈ ತಳದಲ್ಲಿ ನಿಂತುಕೊಂಡೇ ಅವಳು ಅವತ್ತು ತಲೆ ಬಾಚಿಕೊಂಡಿದ್ದಳು. ಬಸ್ಸು ಹತ್ತಿದ್ದಳು. ಆ ಚಲಿಸುವ ಮೆಟ್ಟಿಲ ಮೇಲೆ ಮೂರು ಸಲ, ಅವನು ಹಿಡಿಯೆಂದಾಗ ಹಿಡಿದು, ಬಿಡೆಂದಾಗ ಬಿಟ್ಟು. ತಳದವರೆಗೂ ತಿಂದು ಚಮಚ ನೆಕ್ಕಿ ಇಟ್ಟಿದ್ದಳು. ಖುಷೀನಾ ಎಂದರೆ ತಲೆಯಾಡಿಸಿದ್ದಳು. ಪ್ರತಿ ಲಿಫ್ಟಿನೊಳಗೂ ಒಂದು ಫಲಕ ಇರುತ್ತದೆ, ಆರು ಜನ, ನಾನೂರ ಎಂಟು ಕಿಲೋ; ಅದಕ್ಕಿಂತ ಒಂದು ಚೀಲ ಹೆಚ್ಚಾದರೂ ಯಂತ್ರ ಕೂಗಿ, ಬಾಗಿಲು ಹಾಕಲೊಪ್ಪದೆ ನಿಂತುಬಿಡುತ್ತದೆ. ಸೊಂಟ ಎರಡಿಂಚು ಇಳಿದ ಈ ಹುಡುಗಿ ಎಷ್ಟು ಹೊತ್ತಿದ್ದಾಳೆಂದು ಯಾರೂ ಬರೆದಿಟ್ಟಿಲ್ಲ. ಅವಳು ಕೂಗಲೂ ಇಲ್ಲ. ಅವನಿಗೆ ಅವಳೆದುರು ನಿಲ್ಲಲು ಹೆದರಿಕೆಯಾಯಿತು, ದೊಡ್ಡವರ ಎದುರು ಆಗುವಂಥ ಹೆದರಿಕೆ. ಧೂಳಿನಲ್ಲಿ ಹಾಗೇ ಕುಳಿತುಬಿಟ್ಟ.

"ನಂಗ್ಯಾಕೆ ಹೇಳ್ಲಿಲ್ಲ ಪುಟ್ಟಾ?"

"ಹೇಳ್ತಿದ್ನಲ್ಲ, ದಿನಾ."

ಕೇಳಲು ನಾಚಿಕೆಯಾದರೂ ಕೇಳಿದ. "ನೀನು ಒಂದು ಅಂದಾಗೆಲ್ಲ ನಾನು ಸೀಟಿ ಹಾಕ್ತಿದ್ದೆ. ಸಿಟ್ಟು ಬರ್ಲಿಲ್ವಾ ನಿಂಗೆ?"

"ಸಿಟ್ಟು ಯಾಕೆ?" ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನಂಗೆ ಕೇಳಿಸ್ಲಿ ಅಂತ ತಾನೆ ಹಾಕ್ತಿದ್ದಿದ್ದು? ಸಿಕ್ಕಿಹಾಕ್ಕೊಂಡೋರಿಗೆ ಹಾಕ್ತೀಯಲ್ಲ, ಹಾಗೆ. ಯಾರೋ ಬಂದಿದಾರೆ ಅಂತ ಗೊತ್ತಾಗ್ಲಿ ಅಂತ."

ಹೌದು ಎಂದುಬಿಡಬಹುದಿತ್ತು. ಆ ಮಾತು ನಾಲಿಗೆ ತುದಿಯವರೆಗೂ ಬಂದಿತ್ತು, ಅಷ್ಟು ಒಳ್ಳೆಯ ಅಪ್ಪನನ್ನು ಅವಳು ಅವನ ಮುಂದಿಟ್ಟಿದ್ದಳು. "ಇಲ್ಲ ಪುಟ್ಟಾ," ಎಂದ. "ನಾನು ಉಲ್ಟಾ ತಿಳ್ಕೊಂಡಿದ್ದೆ. ಸೊನ್ನೆ ಅಂದ್ರೆ ಒಳ್ಳೇದು ಅಂತ. ಖುಷಿಗೆ ಹಾಕಿದ್ದು ಅದು. ನಂಗೇನೂ ಗೊತ್ತಿರ್ಲಿಲ್ಲ." ಅವಳ ಕೈ ನಿಂತಿತು. ಅವಳು ಯೋಚಿಸುವುದನ್ನು ಅವನು ಕಾದು ಕುಳಿತು ನೋಡಿದ. ಅವಳು ಮನಸ್ಸಿನಲ್ಲೇ ನಾಲ್ಕು ತಿಂಗಳ ಬೆಳಗುಗಳನ್ನು ಒಂದೊಂದಾಗಿ ತಿರುಗಿಸಿ ಇಡುತ್ತಿದ್ದಳೇನೋ. ಆಮೇಲೆ ಎಂದಳು, "ಆದ್ರೂ ಕೇಳಿಸ್ತಿತ್ತು."

ಹತ್ತಿ ಬರುವಾಗ ಅವಳು ಮುಂದೆ, ಅವನು ಹಿಂದೆ. ಪೆನ್ಸಿಲ್ಲು ಪಿನ್ನುಗಳನ್ನೆಲ್ಲ ಕಾವಲುಗಾರನಿಗೆ ಒಪ್ಪಿಸಿದರು, ಗುಂಡಿಯನ್ನು ಮಾತ್ರ ಅವಳು ಮುಷ್ಟಿಯಿಂದ ಬಿಡಲಿಲ್ಲ. "ಜ್ವರ ಅಲ್ಲ ಯಜಮಾನ್ರೇ," ಎಂದ ಅವನು ಗೇಟಿನಲ್ಲಿ. "ಮನಸ್ಸಿಗೆ ಹುಷಾರಿಲ್ಲ ಅವಳಿಗೆ. ಡಾಕ್ಟರ ಹತ್ರ ಹೊರಟಿದೀವಿ." ಮುದುಕ ಈ ಸಲ ಕುರ್ಚಿಯಿಂದೆದ್ದು ಗೇಟು ತೆರೆದ. ಬಸ್ ನಿಲ್ದಾಣದಿಂದ ಹೆಂಡತಿಗೆ ಫೋನು ಮಾಡಿದ. "ಬೀಗ ಹಾಗೇ ಇರ್ಲಿ," ಎಂದ. "ನಾನೆಲ್ಲಿ ತೆಗೆದಿದ್ದೆ?" ಎಂದಳು ಅವಳು. ಅವನ ಉಸಿರಾಟದಲ್ಲಿ ಏನು ಕೇಳಿಸಿತೋ, "ಬಟ್ಟೆ ಕೊಟ್ಟು ನೇರ ಅಲ್ಲಿಗೇ ಬರ್ತೀನಿ," ಎಂದು ಇಟ್ಟುಬಿಟ್ಟಳು.

ಡಾಕ್ಟರಮ್ಮ ಎಂದಿನಂತೆ ಮೊದಲು ಪುಸ್ತಕಕ್ಕೆ ಕೈ ಚಾಚಿದರು. ಅವನು ಅದನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟ. ಹೇಳಿ ಮುಗಿಸುವಷ್ಟರಲ್ಲಿ ಮೂರು ಸಲ ತೊದಲಿದ; ಮೆಕ್ಯಾನಿಕ್ಕು ಅಂಕಿಯಲ್ಲಿ ತಪ್ಪುವುದೆಂದರೆ ಬಟ್ಟೆ ಬಿಚ್ಚಿ ನಿಂತಂತೆ. ಅವರ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. "ಬಿಳಿ ಮಾತ್ರೆ ಕೆಲಸ ಮಾಡ್ತಿತ್ತು ಹಾಗಾದ್ರೆ," ಎಂದರು ಮೆಲ್ಲಗೆ. "ಇವತ್ತೇ ಅದಕ್ಕೆ ವಾಪಸ್ ಹೋಗೋದು ಶುರು ಮಾಡೋಣ. ದಿನಾ ಫೋನ್ ಮಾಡಿ, ವಾರಕ್ಕೊಮ್ಮೆ ಬನ್ನಿ, ಬೀಗ ತೆಗೀಬೇಡಿ. ತಪ್ಪು ನಂದೂ ಇದೆ. ನಾನು ಇವಳನ್ನೇ ಕೇಳಬೇಕಿತ್ತು, ಹಾಳೇನ ಕೇಳಿದೆ." ಕೇಳಿದ್ದರೂ ಉತ್ತರ ಬರುತ್ತಿರಲಿಲ್ಲ, ಏಳು ತಿಂಗಳಲ್ಲಿ ಈ ಕೋಣೆ ಅವಳ ದನಿ ಕೇಳಿಲ್ಲ, ಅವಳ ಬದಲು ಯಾವಾಗಲೂ ಅವನದೇ ಬಾಯಿ. ಡಾಕ್ಟರಮ್ಮ ಅವಳತ್ತ ತಿರುಗಿದರು. "ಕೈಯಲ್ಲಿ ಏನಮ್ಮ ಅದು?"

ಅಭ್ಯಾಸಬಲದಿಂದ ಅವನ ಬಾಯಿ ತೆರೆಯಿತು. ಅವನು ಅದನ್ನು ಮುಚ್ಚಿದ. ಮಗಳು ಮುಷ್ಟಿ ಬಿಚ್ಚಿದಳು.

"ಗುಂಡಿ," ಎಂದಳು. "ಗುಂಡಿಯಿಂದ ಮೇಲೆ ತಂದಿದ್ದು."

ಡಾಕ್ಟರಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಅವನ ಮುಖ ನೋಡಿದರು.

"ಅವಳನ್ನೇ ಕೇಳಿ," ಎಂದ ಅವನು.

ಮಗಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಗುಂಡಿ ಎರಡು ಥರ ಇದೆ," ಎಂದು ಶುರು ಮಾಡಿದಳು.